ಹೊಳಿ ಈಚೆ ಅಜ್ಜಿಗೆ ಓದು ಬರ್ತಿತ್ತು, ಆಚೆ ಅಜ್ಜಿ ಹೆಬ್ಬೆಟ್ಟು, ಯಾಕೆ?

ಹರಗೋಲು, ಕಂಪ್ಲಿ:

ಎಲ್ರಿಗೂ ನಮಸ್ಕಾರ. ಬಾಳ ದಿನದಿಂದ ತಲೆ ಕೊರಿತಾ ಇರೋ ವಿಷ್ಯ, ಇಲ್ಲಿ ಹಳೇ ಕಥೆ ಗೊತ್ತಿರೋರು ಇದ್ದೀರಿ ಅಂತ ಕೇಳ್ತಾ ಇದೀನಿ. ಹೋದ ತಿಂಗ್ಳು ಮನೆ ಪಾಲು ಮಾಡೋಕೆ ಅಂತ ಹಳೇ ಕಾಗದ ಪತ್ರ ಎಲ್ಲಾ ಹೊರಗೆ ಹಾಕಿದ್ವಿ, ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು, ಅದ್ರಾಗೆ ನಮ್ಮಪ್ಪನ ಅವ್ವ ಬರೆದಿದ್ದ ಲೆಕ್ಕದ ಪುಸ್ತಕ ಸಿಕ್ತು. ಇಷ್ಟು ಬೆಲ್ಲ, ಇಷ್ಟು ಎಣ್ಣೆ, ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದು, ಎಲ್ಲಾ ಮಸಿಲಿ ಬರೆದವ್ಳೆ. ಅಕ್ಷರ ಏನು ಗುಂಡಗೆ ಅಂತೀರಿ, ನನ್ನ ಅಕ್ಷರ ನಾಚ್ಕೋಬೇಕು. ನಡುನಡುವೆ ಕೆಲವು ಸಾಲು ತೆಲುಗಲ್ಲಿ ಐತೆ.

ಅದೇ ಟ್ರಂಕಿನಾಗೆ ಅಮ್ಮನ ಕಡೆ ಒಂದು ಪಾಲುಪಟ್ಟಿನೂ ಇತ್ತು. ನಮ್ಮಮ್ಮನ ಅವ್ವ ಗಂಗಾವತಿ ತಾಲೂಕಿನಾಕೆ, ತುಂಗಭದ್ರಾ ಹೊಳಿ ಆಚೆ. ಆಗ ಆಚೆ ಕಡೆ ಹೈದರಾಬಾದ್ ನಿಜಾಮನ ಸೀಮೆ, ನಮ್ಮ ಕಂಪ್ಲಿ ಕಡೆ ಬ್ರಿಟಿಷರ ಮದ್ರಾಸ್ ಸೀಮೆ. ಅಲ್ಲಿ ಸಹಿ ಜಾಗದಾಗೆ ಒಂದು ಹೆಬ್ಬೆಟ್ಟು, ಮಸಿ ಜಾಸ್ತಿ ಆಗಿ ಕಪ್ಪು ಮುದ್ದೆ ಆಗೈತೆ, ಪಕ್ಕದಾಗೆ ಗುಮಾಸ್ತ ಈಕೆಯ ಎಡಗೈ ಹೆಬ್ಬೆಟ್ಟಿನ ಗುರುತು ಅಂತ ಬರೆದವ್ನೆ. ಇಬ್ರೂ ಹೆಚ್ಚು ಕಮ್ಮಿ ಒಂದೇ ವಯಸ್ಸಿನೋರು, ಒಂದೇ ಜಾತಿ, ಊರಿಂದ ಊರಿಗೆ ಹರಗೋಲಿನಾಗೆ ದಾಟಿದ್ರೆ ಅರ್ಧ ದಿನದ ದಾರಿ.

ನಮ್ಮ ಸೋದರಮಾವ ಎಲ್ಲಾ ನಿಜಾಮನ ಪುಣ್ಯ ಕಣಪ್ಪಾ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟ. ಅಷ್ಟೇನಾ? ಮತ್ತೆ ನಾವು ಶಾಲೆಲಿ ಓದಿದ್ದು ಸಾವಿತ್ರಿಬಾಯಿ ಫುಲೆ 1848, ಪುಣೆ, ಆಮೇಲೆ 1881ರಲ್ಲಿ ಮೈಸೂರು ಮಹಾರಾಣಿ ಹೆಣ್ಮಕ್ಕಳ ಶಾಲೆ, ಅಲ್ಲಿಗೆ ಪಾಠ ಮುಗೀತು. ನಮ್ಮ ಕಡೆ ಹೆಣ್ಮಕ್ಳು ಯಾವಾಗ ಪಾಟಿ ಹಿಡಿದ್ರು ಅನ್ನೋದು ಎಲ್ಲೂ ಇಲ್ಲ. ಗೊತ್ತಿದ್ದೋರು ಹೇಳಿ.

ಬಿಸಿಲೂರು ಮೇಷ್ಟ್ರು, ಬಳ್ಳಾರಿ:

ನೋಡಪ್ಪಾ, ರಿಟೈರ್ ಆಗಿ ಕೂತೋನಿಗೆ ಇಂಥ ಪ್ರಶ್ನೆ ಹಾಕಿದ್ರೆ ಉದ್ದ ಆಗ್ತದೆ, ಸಹಿಸ್ಕೋ. ಬಳ್ಳಾರಿ ಲೆಕ್ಕ ಸಾವಿತ್ರಿಬಾಯಿಗಿಂತ ಹಿಂದಿಂದೇ ಸಿಗುತ್ತೆ, ಆದ್ರೆ ಹೆಮ್ಮೆ ಪಡೋ ಲೆಕ್ಕ ಅಲ್ಲ. 1800ರಲ್ಲಿ ನಿಜಾಮ ಈ ಸೀಮೆನ ಕಂಪನಿಗೆ ಬಿಟ್ಟುಕೊಟ್ಟ, ಅದಕ್ಕೇ ದತ್ತಮಂಡಲ ಅನ್ನೋದು. ಆಮೇಲೆ ಥಾಮಸ್ ಮನ್ರೋ ಮದ್ರಾಸಿನ ಗವರ್ನರ್ ಆದ, ಮಂತ್ರಾಲಯದ ರಾಯರ ಕಥೆಲಿ ಬರ್ತಾನಲ್ಲ ಅವನೇ. 1822ರಲ್ಲಿ ಎಲ್ಲಾ ಕಲೆಕ್ಟರ್‌ಗಳಿಗೂ ನಿಮ್ಮ ಜಿಲ್ಲೆಲಿ ಶಾಲೆ ಎಷ್ಟು, ಓದೋರು ಎಷ್ಟು ಎಣಿಸಿ ಕಳ್ಸಿ ಅಂದ. ನಮ್ಮ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಜನಸಂಖ್ಯೆ 9,27,857, ಶಾಲೆ 533, ಮಕ್ಕಳು 6,641. ಅದ್ರಾಗೆ ಹೆಣ್ಮಕ್ಳು ಎಷ್ಟು ಗೊತ್ತಾ? ಅರವತ್ತು. ಅಷ್ಟೇ. ಅವತ್ತಿನ ಬಳ್ಳಾರಿ ಅಂದ್ರೆ ಈಗಿನ ಅನಂತಪುರನೂ ಸೇರಿ, ಅಷ್ಟು ದೊಡ್ಡ ಸೀಮೆಗೆ ಅರವತ್ತು ಹುಡ್ಗೀರು.

ನಿಮ್ಮಜ್ಜಿ ಪುಸ್ತಕದಾಗೆ ತೆಲುಗು ಯಾಕೆ ಅನ್ನೋದಕ್ಕೂ ಅದೇ ರಿಪೋರ್ಟಿನಾಗೆ ಉತ್ತರ ಐತೆ. ಕನ್ನಡದ ಶಾಲೆ 235, ತೆಲುಗಿಂದು 226, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷು ಒಂದೇ ಒಂದು. ಕಂಪ್ಲಿಯಾಗೆ ಅಂಗಡಿ ಮನೆತನದೋರು ಎರಡೂ ಬರೆಯೋದು ಹೊಸದೇನಲ್ಲ.

ಆ ರಿಪೋರ್ಟಿನಲ್ಲಿ ನಂಗೆ ಬಾಳ ಹಿಡಿಸಿದ ಒಂದು ತುಣುಕು ಹೇಳ್ತೀನಿ. ಬೆಳಿಗ್ಗೆ ಶಾಲೆಗೆ ಎಲ್ರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೀತಿದ್ರಂತೆ. ಎರಡನೇಯವನ ಅಂಗೈಗೆ ಸೊನ್ನೆ, ಅಂದ್ರೆ ಹೊಗಳಿಕೆನೂ ಇಲ್ಲ ಬೈಗುಳನೂ ಇಲ್ಲ. ಮೂರನೇಯವನಿಗೆ ಒಂದು ಏಟು, ನಾಲ್ಕನೇಯವನಿಗೆ ಎರಡು, ಹಿಂಗೇ ಏರ್ತಾ ಹೋಗೋದು. ಮರಳ ಮೇಲೆ ಬೆರಳಲ್ಲಿ ತಿದ್ದೋದು. ನಾನೂ ಮೂವತ್ತು ವರ್ಷ ಮೇಷ್ಟ್ರಾಗಿದ್ದೋನು, ಇದನ್ನ ಓದಿದಾಗೆಲ್ಲ ನಗುನೂ ಬರುತ್ತೆ, ಹೊಟ್ಟೆನೂ ಉರಿಯುತ್ತೆ. ಹುಡುಗ್ರ ಅಂಗೈ ಮೇಲೆ ದಿನಾ ಬೆಳಿಗ್ಗೆ ಸರಸ್ವತಿ ಹೆಸರು, ಸರಸ್ವತಿಯಂಥ ಹೆಣ್ಮಕ್ಳು ಮಾತ್ರ ಬಾಗ್ಲ ಹೊರಗೆ.

ಯಾಕೆ ಹೊರಗೆ ಅಂದ್ರೆ ಮನ್ರೋನೇ 1826ರಲ್ಲಿ ಬರೆದವ್ನೆ, ಅಕ್ಷರ ಅನ್ನೋದು ಹೆಣ್ಣಿನ ಮರ್ಯಾದೆಗೆ ತಕ್ಕದ್ದಲ್ಲ, ಅದು ಕುಣಿಯೋ ಹೆಂಗಸ್ರಿಗೆ ಮಾತ್ರ ಅನ್ನೋ ಭಾವನೆ ಜನರಲ್ಲಿ ಐತೆ ಅಂತ. ಅಂದ್ರೆ ಹಾಡು, ಪದ್ಯ ಕಲೀಬೇಕಾಗಿದ್ದ ದೇವದಾಸಿ ಮನೆ ಹುಡ್ಗೀಗೆ ಅಕ್ಷರ ಸಿಗ್ತಿತ್ತು, ಅದೇ ಕಾರಣಕ್ಕೆ ಮರ್ಯಾದಸ್ಥರು ಅನ್ನಿಸ್ಕೊಂಡೋರ ಮನೆ ಹುಡ್ಗೀಗೆ ಸಿಗ್ತಿರಲಿಲ್ಲ. ಹುಡುಗಿ ಪುಸ್ತಕ ಹಿಡಿದ್ರೆ ಊರೋರು ಏನಂತಾರೆ ಅನ್ನೋ ಮಾತು ನಾನು ಸಣ್ಣೋನಿದ್ದಾಗಲೂ ಕೇಳ್ತಿದ್ದೆ, ಅದ್ರ ಬೇರು ಇಲ್ಲೈತೆ ಅಂತ ಆಗ ಗೊತ್ತಿರಲಿಲ್ಲ.

ಇನ್ನೊಂದು ವಿಚಿತ್ರ ನೋಡು, ಇದೇ ಸೀಮೆಯ ಹಂಪಿಗೆ ಅಚ್ಯುತರಾಯನ ಕಾಲದಾಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಮನೆ ಒಳಗಿನ ಖರ್ಚಿನ ಲೆಕ್ಕ ಎಲ್ಲಾ ಹೆಂಗಸ್ರೇ ಬರೀತಾರೆ ಅಂತ ಬರೆದವ್ನೆ. ಅಂದ್ರೆ ಬೇಕು ಅನ್ನಿಸಿದ ಕಡೆ ಹೆಣ್ಣಿಗೆ ಲೆಕ್ಕನೂ ಬಂತು ಬರಹನೂ ಬಂತು.

ಮಿಷನ್‌ನೋರ ವಿಷ್ಯ ಬಿಡೋ ಹಂಗಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ಕ್ಕೇ ಬಳ್ಳಾರಿಗೆ ಬಂದ, ಕನ್ನಡ ಬೈಬಲ್ಲಿನ ಕೆಲಸ ಇಲ್ಲಿ ಕೂತೇ ಮಾಡಿದ್ದು. ಮತಾಂತರದ ಬಗ್ಗೆ ಯಾರು ಏನಾದ್ರೂ ಅನ್ಲಿ, ಹೆಣ್ಮಗಳ ಕೈಗೂ ಅಚ್ಚಿನ ಪುಸ್ತಕ ಕೊಡಬೋದು ಅನ್ನೋದನ್ನ ಈ ಊರಿಗೆ ತೋರಿಸಿದೋರಲ್ಲಿ ಅವ್ರೂ ಒಬ್ರು. ಆಮೇಲೆ ಮದ್ರಾಸ್ ಸರ್ಕಾರದ 1920ರ ಎಲಿಮೆಂಟರಿ ಎಜುಕೇಶನ್ ಆಕ್ಟು, ಅದ್ರ ಜೊತೆಗೆ ಜಿಲ್ಲಾ, ತಾಲೂಕು ಬೋರ್ಡಿನೋರು ನಡೆಸ್ತಿದ್ದ ಬೋರ್ಡ್ ಶಾಲೆಗಳು. ನಿಮ್ಮ ಕಂಪ್ಲಿ ಅಜ್ಜಿ ಹೋಗಿದ್ರೆ ಬೋರ್ಡ್ ಶಾಲೆಗೇ ಹೋಗಿರ್ಬೇಕು.

ಸೀನ_ಹೊಸಪೇಟೆ:

ಮೇಷ್ಟ್ರೇ ಸೂಪರ್. ಲೇಟಾಗಿ ಬಂದ್ರೆ ಏಟು ಅನ್ನೋದು 1823ರಿಂದ ನಮ್ಮ ಬ್ಯಾಚ್‌ವರೆಗೂ ಬದಲಾಗಿಲ್ಲ, ಸರಸ್ವತಿ ಮಾತ್ರ ಬರೀಲಿಲ್ಲ ಯಾರೂ.

ತಹತಾನಿಯ, ರಾಯಚೂರು:

ನನ್ನ ಹೆಸರು ನೋಡಿ ಬಾಳ ಮಂದಿ ಏನಿದು ಅಂತ ಕೇಳ್ತಾರ, ಇವತ್ತು ಉಪಯೋಗಕ್ಕ ಬಂತು ನೋಡ್ರಿ. ನಿಜಾಮನ ಕಾಲದಾಗ ಪ್ರೈಮರಿ ಸಾಲಿಗೆ ತಹತಾನಿಯ, ಮಿಡ್ಲ್ ಸ್ಕೂಲಿಗೆ ವಸ್ತಾನಿಯ, ಹೈಸ್ಕೂಲಿಗೆ ಫೋಕಾನಿಯ ಅಂತಿದ್ರು. ನಮ್ಮಪ್ಪ ಸಾಯೋತನಕ ನಾನು ವಸ್ತಾನಿಯ ಪಾಸು ಅಂತಲೇ ಹೇಳ್ತಿದ್ದ.

ನಿಮ್ಮ ಮಾವ ಹೇಳಿದ್ದು ಪೂರಾ ಸುಳ್ಳಲ್ಲ, ಆದ್ರ ನಿಜಾಮ ಹೆಣ್ಮಕ್ಕಳಿಗೆ ಓದಬ್ಯಾಡ ಅಂದಿದ್ದ ಅಂತ ತಿಳ್ಕೊಂಡ್ರ ತಪ್ಪಾಗ್ತದ. ಹೈದರಾಬಾದಿನಾಗ ನಾಂಪಲ್ಲಿ ಜನಾನಾ ಸ್ಕೂಲು 1890ಕ್ಕ ಶುರು ಆಗ್ಯದ, ಮೆಹಬೂಬಿಯಾ ಗರ್ಲ್ಸ್ ಸ್ಕೂಲು 1907ಕ್ಕ. ಉಸ್ಮಾನಿಯಾ ಯೂನಿವರ್ಸಿಟಿ 1918ಕ್ಕ ಬಂತು, ಹೆಣ್ಮಕ್ಕಳ ಕಾಲೇಜು 1924ಕ್ಕ, ಅದೇ ಮುಂದ ಕೋಠಿ ವುಮೆನ್ಸ್ ಕಾಲೇಜು ಅಂತ ಹೆಸರಾತು. ಪರದೆ ಕಟ್ಟಿದ ಬಂಡ್ಯಾಗ ಹುಡುಗೇರನ್ನ ಕರ್ಕೊಂಡು ಹೋಗ್ತಿದ್ರು. ಆದ್ರ ಅದೆಲ್ಲ ರಾಜಧಾನ್ಯಾಗ, ದೊಡ್ಡ ಮನೆತನದೋರಿಗೆ. ರಾಯಚೂರು, ಕೊಪ್ಪಳದ ಹಳ್ಳಿಗೆ ಆ ಬಂಡಿ ಬರಲೇ ಇಲ್ಲ. ಕೊಪ್ಪಳ ಅಂತೂ ಸಾಲಾರ್ ಜಂಗ್ ಜಾಗೀರು, ಅಲ್ಲಿ ಸಾಲಿ ಕಟ್ಟೋ ಖರ್ಚು ಯಾರು ಹೊರಬೇಕು?

ಎರಡನೇದು ಭಾಷೆ. ಮನ್ಯಾಗ ಕನ್ನಡ, ಸಾಲ್ಯಾಗ ಉರ್ದು. ಗಂಡು ಹುಡುಗಗ ಆದ್ರ ಉರ್ದು ಕಲ್ತ್ರ ತಹಸೀಲಿನಾಗ ನೌಕರಿ, ಕರೋಡಗಿರಿ ಅಂದ್ರ ಸುಂಕದ ನಾಕಾದಾಗ ನೌಕರಿ. ಹುಡುಗಿಗೆ ಏನು? ಮನ್ಯಾಗಿನ ಪುರಾಣ ಪುಸ್ತಕನೂ ಉರ್ದು ಅಲ್ಲ, ತವರಿಗೆ ಬರಿಯೋ ಕಾಗದನೂ ಉರ್ದು ಅಲ್ಲ. ಹಂಗಾಗಿ ಹುಡುಗೀನ ಸಾಲಿಗೆ ಹಾಕೋದಕ್ಕ ಇದ್ದ ಒಂದು ಸಣ್ಣ ಕಾರಣನೂ ಹೋಯ್ತು. ಇದಕ್ಕ ಎದುರಾಗಿ ಪಂಡಿತ ತಾರಾನಾಥರು ರಾಯಚೂರಿನಾಗ 1920ರ ಹೊತ್ತಿಗೆ ಹಮ್‌ದರ್ದ್ ಸಾಲಿ ಕಟ್ಟಿದ್ರು, ಅದು ದೊಡ್ಡ ಕೆಲಸ, ಆದ್ರ ಒಂದು ಊರಿನ ಒಂದು ಸಾಲಿ ಎಷ್ಟು ಮಂದಿನ್ನ ಮುಟ್ಟೀತು ಹೇಳ್ರಿ.

1951ರ ಜನಗಣತಿ ಹೊತ್ತಿಗೆ ಹೈದರಾಬಾದ್ ರಾಜ್ಯದಾಗ ಓದು ಬಲ್ಲೋರು ನೂರಕ್ಕ ಹತ್ತು ಮಂದಿನೂ ಇರಲಿಲ್ಲ, ಮದ್ರಾಸಿನಾಗ ಅದರ ಎರಡರಷ್ಟು. ಇದು ಗಂಡಸರನ್ನೂ ಸೇರಿಸಿ.

ಈಗ ನಮ್ಮ ದೊಡ್ಡವ್ವನ ಕಥಿ ಕೇಳ್ರಿ, ಇದನ್ನ ಯಾವ ಜನಗಣತಿನೂ ಹಿಡಿಯಂಗಿಲ್ಲ. ಆಕಿ ಅಪ್ಪ ಊರಿನ ಪಟವಾರಿ ಹತ್ರ ಕೆಲಸ ಮಾಡ್ತಿದ್ದ, ಆತಗ ಕಣ್ಣು ಮಂಜಾಗಿದ್ದಕ್ಕ ಮಗಳಿಗೆ ಮನ್ಯಾಗ ಅಲಿಫ್ ಬೇ ಕಲಿಸಿ ಕಾಗದ ಓದಿಸ್ತಿದ್ದ. ಹೊಲದ ಕಾಗದ ಎಲ್ಲಾ ಆಗ ಉರ್ದುನೇ. ಮದಿವಿ ಆದ ಮ್ಯಾಲೂ ಓಣ್ಯಾಗಿನ ಗಂಡಸ್ರು ಕಾಗದ ತಂದು ಕಟ್ಟಿ ಮ್ಯಾಲ ಇಟ್ಟು, ಆಕಿ ಬಾಗಿಲ ಮರಿಗೆ ನಿಂತು ಓದಿ ಹೇಳೋಳು. ದಸ್ತಖತ್ ಮಾಡೋಳು. 1956ಕ್ಕ ಮೈಸೂರು ರಾಜ್ಯಕ್ಕ ಸೇರಿದ್ವಿ, ಆಫೀಸೆಲ್ಲ ಕನ್ನಡ ಆತು, ಬಾಳ ಛಲೋನೇ ಆತು. ಆದ್ರ ದೊಡ್ಡವ್ವಗ ಕನ್ನಡ ಅಕ್ಷರ ಬರಲ್ಲ. ಮುಂದ ಗಂಡ ಸತ್ತಾಗ ಹೊಲ ಹೆಸರಿಗೆ ಮಾಡಿಸಾಕ ಹೋದ್ರ ಕ್ಲರ್ಕ್ ಉರ್ದು ಸಹಿ ನಡೆಯಂಗಿಲ್ಲ ಅಂದು ಇಂಕ್ ಪ್ಯಾಡ್ ಮುಂದ ಸರಿಸಿದ. ಓದು ಬಲ್ಲ ಹೆಣ್ಮಗಳು ಹೆಬ್ಬೆಟ್ಟು ಒತ್ತಿ ಬಂದ್ಲು. ಮನಿಗೆ ಬಂದು ಬೆರಳು ಎಷ್ಟು ತಿಕ್ಕಿ ತೊಳಕೊಂಡ್ಲು ಅಂತ ನಮ್ಮವ್ವ ಹೇಳ್ತಾಳ.

ನಿಮ್ಮ ಗಂಗಾವತಿ ಅಜ್ಜಿ ಹೆಬ್ಬೆಟ್ಟಿನ ಹಿಂದ ಹಿಂಗೇನರ ಐತೇನೋ, ಒಮ್ಮೆ ಕೇಳಿ ನೋಡ್ರಿ.

ಕುಷ್ಟಗಿ ಕಡೇಕಿ:

ಎಲ್ಲರೂ ಛಲೋ ಬರದೀರಿ, ಆದ್ರ ನಿಜಾಮ ನಿಜಾಮ ಅಂತ ಎಷ್ಟು ದಿನ ಅನ್ನೋದ್ರಿ? ಆತ ಇಳಿದು 1948ರಿಂದ ಎಣಿಸಿದ್ರ 75 ವರ್ಷದ ಮ್ಯಾಲಾತು. 2011ರ ಜನಗಣತಿ ತಗೀರಿ. ಹೆಣ್ಮಕ್ಕಳ ಸಾಕ್ಷರತೆ ಬಳ್ಳಾರಿ 58.09, ಕೊಪ್ಪಳ 57.55. ಹೊಳಿ ಈಕಡೆ ಆಕಡೆ ಅರ್ಧ ಪರ್ಸೆಂಟ್ ಫರಕು! ಮದ್ರಾಸಿನೋರು, ನಿಜಾಮನೋರು ಇಬ್ಬರೂ ಒಂದೇ ಕಡೆ ಬಂದು ನಿಂತಾರ. ರಾಯಚೂರು ನೋಡಿದ್ರ 48.73. ಕೊಪ್ಪಳ 1997ರ ತನಕ ರಾಯಚೂರು ಜಿಲ್ಲಾದಾಗ ಇತ್ತು, ಎರಡೂ ಒಬ್ಬನೇ ನಿಜಾಮನ ಕೈಯಾಗ ಇದ್ದುವು, ಮತ್ತ ಒಂಬತ್ತು ಪರ್ಸೆಂಟ್ ಫರಕು ಎಲ್ಲಿಂದ ಬಂತು? ಇಡೀ ರಾಜ್ಯದ್ದು 68.08, ಅಂದ್ರ ನಮ್ಮ ಮೂರೂ ಜಿಲ್ಲಾ ಕೆಳಗ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಬಂದು ಸೀಟು ಮೀಸಲಾತು, ಸಂತೋಷ, ಆದ್ರ ಅದು ಪಿಯುಸಿ ದಾಟಿದೋರಿಗೆ. ಏಳನೇತ್ತಕ್ಕ ಸಾಲಿ ಬಿಟ್ಟಾಕಿಗೆ 371ಜೆ ತಗೊಂಡು ಏನು ಮಾಡಾದು.

ಯಾಕ ಬಿಡ್ತಾರ ಅಂತ ನಾನು ಹೇಳ್ತೀನಿ, ಯಾಕಂದ್ರ ನಾನೂ ಬಿಟ್ಟಾಕಿ. ನಮ್ಮ ಕಡೆ ಹತ್ತಿ ಬೀಜದ ಪ್ಲಾಟು ಮಾಡ್ತಾರ, ಕ್ರಾಸಿಂಗ್ ಅಂತೀವಿ. ನಾಳಿ ಅರಳೋ ಮೊಗ್ಗಿನ್ನ ಇವತ್ತು ಮಧ್ಯಾಹ್ನದ ಮ್ಯಾಲ ಉಗುರಿಲೆ ಸೀಳಿ ಒಳಗಿನ ಗಂಡು ಭಾಗ ತಗೀಬೇಕು, ಹೆಣ್ಣಿನ ಕಡ್ಡಿಗೆ ಉಗುರು ತಾಗಬಾರದು, ತಾಗಿದ್ರ ಆ ಮೊಗ್ಗು ಹೋತು. ಗುರುತಿಗೆ ಕೆಂಪು ಕಾಗದ ಹಚ್ಚೋದು. ಮರುದಿನ ಮುಂಜಾನೆ ಗಂಡು ಗಿಡದ ಹೂ ತಂದು ಅದಕ್ಕ ತಿಕ್ಕೋದು. ದಿನಾ ನೂರಾರು ಮೊಗ್ಗು. ಸಣ್ಣ ಬೆರಳು ಬೇಕು, ಗಿಡದ ಎತ್ತರ ನಮ್ಮ ಎತ್ತರ ಒಂದೇ ಇರಬೇಕು, ಬಗ್ಗಿದ್ರ ನಡ ನೋಯ್ತದ ಅಂತ ಹೊಲದ ಮಾಲಕ ಹುಡುಗೇರನ್ನೇ ಕೇಳ್ತಿದ್ದ. ಮುಂಗಡ ಅಪ್ಪನ ಕೈಗೆ. ಸಾಲಿ ಜೋರು ನಡೆಯೋ ತಿಂಗಳು ಯಾವುದೋ ಕ್ರಾಸಿಂಗ್ ತಿಂಗಳೂ ಅದೇ. ಮೂರು ತಿಂಗಳು ಬಿಟ್ಟು ಹೋದ್ರ ಹಾಜರಿ ಪುಸ್ತಕದಾಗ ಹೆಸರಿಗೆ ಗೀಟು. ಅದು ಇಲ್ಲಂದ್ರ ಗುಳೆ, ಅವ್ವ ಅಪ್ಪ ಬೆಂಗ್ಳೂರಿಗೆ ಹೋದ್ರ ತಮ್ಮನ್ನ ನೋಡ್ಕೊಳ್ಳಾಕ ಹಿರೇ ಮಗಳು ಬೇಕು. ಮೈ ನೆರೆದ ಮ್ಯಾಲ ಅಂತೂ ಕೇಳಲೇಬ್ಯಾಡ್ರಿ. ನಮ್ಮ ಸಾಲಿ ಕಾಂಪೌಂಡ್ ಮ್ಯಾಲ ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಅಂತ ದೊಡ್ಡದಾಗಿ ಬರ್ಸಿದ್ರು, ಹಿಂದ ಹೋಗಿ ನೋಡಿದ್ರ ಹುಡುಗೇರ ಪಾಯಖಾನೆಗೆ ಕೀಲಿ. ಸಾಲಿ ತೆರೆದಿತ್ತು, ಪಾಯಖಾನೆ ತೆರೆದಿರಲಿಲ್ಲ.

ನಾನು ಮತ್ತ ಓದಿದ್ದು ಮಹಿಳಾ ಸಮಖ್ಯಾದೋರ ಮಹಿಳಾ ಶಿಕ್ಷಣ ಕೇಂದ್ರದಾಗ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಸಮಖ್ಯಾ ಕರ್ನಾಟಕದಾಗ 1989ಕ್ಕ ಶುರು ಆದ ಯೋಜನೆ, ಹಳ್ಳ್ಯಾಗ ಹೆಂಗಸರ ಸಂಘ ಮಾಡೋದು, ಸಾಲಿ ಬಿಟ್ಟ ಹುಡುಗೇರನ್ನ ಒಂದು ಕಡೆ ಇಟ್ಟು ಊಟ ವಸತಿ ಕೊಟ್ಟು ಓದ್ಸೋದು ಅದರ ಕೆಲಸ ಆಗಿತ್ತು. ಅಲ್ಲಿ ಹದಿನೈದು ವರ್ಷದಾಕಿನೂ ಇದ್ಲು, ಹತ್ತು ವರ್ಷದಾಕಿನೂ ಇದ್ಲು, ದೇವದಾಸಿ ಅವ್ವಂದಿರ ಮಕ್ಕಳೂ ಇದ್ರು. ಮೇಷ್ಟ್ರೇ, ನೀವು ಹೇಳಿದ ಅರವತ್ತು ಹುಡುಗೇರ ವಿಷಯ ಓದಿದಾಗ ನನಗ ನೆನಪಾಗಿದ್ದು ಅವ್ರೇ. ಆಗ ಆ ಮನಿ ಹುಡುಗಿಗೆ ಅಕ್ಷರ ಕಲಿಸಿದ್ರು, ಮರ್ಯಾದಿ ಕೊಡಲಿಲ್ಲ. ಹೆಣ್ಮಕ್ಕಳನ್ನ ದೇವದಾಸಿ ಮಾಡೋದರ ವಿರುದ್ಧ ಮದ್ರಾಸಿನಾಗ 1947ಕ್ಕ ಕಾಯ್ದೆ ಬಂತು, ಕರ್ನಾಟಕದಾಗ 1982ಕ್ಕ, ಅಷ್ಟೊತ್ತಿಗೆ ಅವ್ರ ಮನ್ಯಾಗ ಅಕ್ಷರನೂ ಉಳಿದಿರಲಿಲ್ಲ. ನನ್ನ ಪಕ್ಕ ಮಲಗೋಳು ಅಂಥ ಮನಿಯಾಕಿ. ಫಾರಂ ತುಂಬೋವಾಗ ತಂದೆ ಹೆಸರು ಅನ್ನೋ ಜಾಗದಾಗ ಪೆನ್ನು ನಿಂತುಬಿಡ್ತಿತ್ತು. ಅಲ್ಲಿನ ಟೀಚರಮ್ಮ ತಾಯಿ ಹೆಸರು ಬರಿ, ಯಾರರ ಕೇಳಿದ್ರ ನನ್ನ ಹತ್ರ ಕಳ್ಸು ಅಂದ್ರು.

ಆಮೇಲೆ 2004ಕ್ಕ ಹುಡುಗೇರ ವಸತಿ ಸಾಲಿ ಕಸ್ತೂರಬಾ, 2006ಕ್ಕ ಎಂಟನೇತ್ತಕ್ಕ ಸರ್ಕಾರದ ಸೈಕಲ್. ಸೈಕಲ್ ಬಗ್ಗೆ ಬಾಳ ಮಂದಿ ನಕ್ಕಿದ್ರು, ಬೆಲ್ ಇಲ್ಲ ಬ್ರೇಕ್ ಇಲ್ಲ ಅಂತ. ನಗ್ರಿ. ಮೂರು ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಹುಡುಗಿನ್ನ ಒಬ್ಬಾಕಿನ್ನ ಕಳ್ಸಾಕ ಆಗಲ್ಲ ಅಂತಿದ್ದ ಅಪ್ಪಂದಿರು, ಎಂಟು ಹುಡುಗೇರು ಗುಂಪಾಗಿ ಸೈಕಲ್ ಮ್ಯಾಲ ಹೊಂಟ್ರ ಸುಮ್ಮನಾದ್ರು. ನನ್ನ ತಂಗಿ ಎಸ್ಸೆಸ್ಸೆಲ್ಸಿ ಮುಟ್ಟಿದ್ದು ಆ ಸೈಕಲ್ ಮ್ಯಾಲ.

ತಹತಾನಿಯ, ರಾಯಚೂರು:

ಅಕ್ಕ, ಒಪ್ಪಿದೆ. ರಾಯಚೂರಿನ ಆ 48 ಪರ್ಸೆಂಟಿಗೆ ಉತ್ತರ ನಮ್ಮ ಜಿಲ್ಲಾದೋರೇ ಕೊಡಬೇಕು. ದೇವದುರ್ಗ ಕಡೆ ನಾನು ಸರ್ವೇಕ್ಕ ಹೋದಾಗ ನೋಡಿದ್ದು ಇದೇ, ಡಿಸೆಂಬರಿನಾಗ ಓಣಿಗೆ ಓಣಿನೇ ಕೀಲಿ. ಆದ್ರ ಒಂದು ಮಾತು, ಹಿಂದ ಸಾಲಿನೇ ಇರಲಿಲ್ಲ ಅನ್ನೋದು ಬ್ಯಾರೆ, ಇದ್ದ ಸಾಲಿಗೆ ಹೋಗಾಕ ಆಗಲಿಲ್ಲ ಅನ್ನೋದು ಬ್ಯಾರೆ. ಅಜ್ಜಿ ಕಾಲದ ಲೆಕ್ಕ ಮೊದಲನೇದು.

ಬಿಸಿಲೂರು ಮೇಷ್ಟ್ರು, ಬಳ್ಳಾರಿ:

ಅದೂ ಪೂರ್ತಿ ಹಂಗಲ್ಲಪ್ಪಾ. ಕ್ಯಾಂಪ್‌ಬೆಲ್ ಲೆಕ್ಕದಾಗೆ 533 ಶಾಲೆ ಇದ್ವಲ್ಲ, ಇದ್ರೂ ಹುಡ್ಗೀರು ಅರವತ್ತೇ. ಇನ್ನೊಂದು ಮಾತೂ ಅವನೇ ಬರೆದವ್ನೆ, ಮೊದಲು ಶಾಲೆ ಇದ್ದ ಎಷ್ಟೋ ಹಳ್ಳೀಲಿ ಈಗ ಇಲ್ಲ, ಯಾಕಂದ್ರೆ ವಿಲಾಯಿತಿ ಬಟ್ಟೆ ಬಂದು ನೇಯೋರ ಕೈ ಬರಿದಾಗೈತೆ, ಮಕ್ಕಳನ್ನ ಓದ್ಸೋಕೆ ಕಾಸಿಲ್ಲ ಅಂತ. ಕುಷ್ಟಗಿ ತಾಯಿ ಹೇಳಿದ ಮುಂಗಡದ ಕಥೆಗೂ ಇದಕ್ಕೂ ನಡುವೆ ಹತ್ತತ್ರ ಇನ್ನೂರು ವರ್ಷ. ಆಗಲೂ ಹತ್ತಿನೇ, ಈಗಲೂ ಹತ್ತಿನೇ ನೋಡು.

ಹರಗೋಲು, ಕಂಪ್ಲಿ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಇದನ್ನೆಲ್ಲ ಓದಿ ನಿನ್ನೆ ನಮ್ಮ ದೊಡ್ಡತ್ತೆಗೆ ಫೋನ್ ಹಚ್ಚಿದ್ದೆ, ಎಂಬತ್ತು ದಾಟೈತೆ, ಕಿವಿ ಸ್ವಲ್ಪ ಮಂದ, ಕಿರುಚಿ ಕಿರುಚಿ ಕೇಳಿದ್ದಾಯ್ತು. ಕಂಪ್ಲಿ ಅಜ್ಜಿ ಬೋರ್ಡ್ ಶಾಲೆಗೆ ಹೋಗಿದ್ದು ನಿಜ ಅಂತೆ ಮೇಷ್ಟ್ರೇ, ಆದ್ರೆ ಹೋಗಿದ್ದು ಅನ್ನೋದೇ ತಪ್ಪು, ಶಾಲೆನೇ ಅವ್ರ ಮನೆಗೆ ಬಂದಿತ್ತು. ಕಟ್ಟಡ ಇಲ್ದೇ ಅವ್ರ ಪಡಸಾಲೆನ ಬಾಡಿಗೆಗೆ ತಗೊಂಡು ಅಲ್ಲೇ ನಡೆಸ್ತಿದ್ರಂತೆ. ಅಜ್ಜಿ ಕಂಬದ ಮರೆಗೆ ಕೂತು ಕಲಿತಳು. ಮೂರು ವರ್ಷ ಆದ ಮೇಲೆ ಪ್ಯಾಟೆ ಬೀದಿ ಆಚೆ ಹೊಸ ಕಟ್ಟಡ ಆಯ್ತು, ಶಾಲೆ ಅಲ್ಲಿಗೆ ಹೋಯ್ತು. ಪ್ಯಾಟೆ ಬೀದಿ ದಾಟಿ ಹುಡ್ಗೀನ ಕಳ್ಸೋದು ಬೇಡ ಅಂದ್ರಂತೆ. ಬೆಂಚು ಹೊತ್ಕೊಂಡು ಹೋದ ದಿನ ಅಜ್ಜಿ ಓದು ಮುಗೀತು.

ಗಂಗಾವತಿ ಅಜ್ಜಿ ಬಗ್ಗೆ ಅಮ್ಮನ್ನೇ ಕೂರಿಸ್ಕೊಂಡು ಕೇಳಿದೆ. ರಾಯಚೂರಿನೋರು ಹೇಳಿದಂಗೆ ಉರ್ದುನೂ ಇಲ್ಲ, ಏನೂ ಇಲ್ಲ, ಶಾಲೆ ಬಾಗ್ಲೇ ನೋಡಿಲ್ಲ. ಆದ್ರೆ ಎಮ್ಮೆ ಹಾಲು ಮಾರ್ತಿದ್ಲಂತೆ, ಅಡಿಗೆ ಮನೆ ಗೋಡೆ ಮೇಲೆ ಇದ್ಲಿಲೆ ಗೀಟು ಎಳೆಯೋಳು. ಪಾವಿಗೆ ಸಣ್ಣ ಗೀಟು, ಸೇರಿಗೆ ಉದ್ದ ಗೀಟು, ಒಂದೊಂದು ಮನೆಗೆ ಒಂದೊಂದು ಗುರುತು, ಗೌಡ್ರ ಮನೆಗೆ ಪೇಟದ ಥರ ಒಂದು ಸುರುಳಿ, ಪೂಜಾರಿ ಮನೆಗೆ ಗಂಟೆ. ದುಡ್ಡು ಕೊಟ್ಟ ಮೇಲೆ ಸೆಗಣಿಲಿ ಸಾರಿಸಿಬಿಡೋಳು. ದೀಪಾವಳಿಗೆ ಮನೆಗೆಲ್ಲಾ ಸುಣ್ಣ ಬಳಿದ್ರೂ ಬಾಕಿ ತೀರೋವರೆಗೂ ಆ ಗೋಡೆ ಮುಟ್ಟೋಕೆ ಬಿಡ್ತಿರಲಿಲ್ಲ ಅಂತೆ, ಒಂದು ವರ್ಷ ತಾತ ಕೇಳದೇ ಬಳಿದುಬಿಟ್ಟಿದ್ದಕ್ಕೆ ಎರಡು ದಿನ ಒಲೆ ಹಚ್ಚಲಿಲ್ಲ, ಆಮೇಲೆ ನೆನಪಿನ ಮೇಲೇ ಎಲ್ಲಾ ಗೀಟು ವಾಪಸ್ ಎಳೆದ್ಲು, ಒಂದು ಪಾವೂ ಹೆಚ್ಚುಕಮ್ಮಿ ಆಗಲಿಲ್ಲ ಅಂತ ಅಮ್ಮ ಹೇಳ್ತಾಳೆ. ಆ ಮನೆ ಈಗಿಲ್ಲ, ಕೆಡವಿ ಆರ್‌ಸಿಸಿ ಹಾಕ್ಯಾರೆ.

ಲೆಕ್ಕದ ಪುಸ್ತಕದ ನಾಲ್ಕು ಪುಟ ಫೋಟೋ ತೆಗೆದು ಹಾಕ್ತೀನಿ, ತೆಲುಗು ಬಲ್ಲೋರು ಯಾರಾದ್ರೂ ಆ ಸಾಲು ಓದಿ ಹೇಳ್ರಪ್ಪಾ, ಯಾರಿಗೆ ಕೈಗಡ ಕೊಟ್ಟಿದ್ಲು ಅಂತ ಮನೇಲಿ ಈಗಲೇ ಜಗಳ ಶುರು ಆಗೈತೆ.